ಫೆಬ್ರವರಿಯಲ್ಲಿ ಮಣ್ಣು ಮಾಡಿದ ಕೂಸು

ಮಾವನವರ ಕುರ್ಚಿ ಹಿಂದಕ್ಕೆ ಬಾಗಿದರೆ ಆ ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ. ಆಕ್ಲೆಂಡಿನ ಅಂಚಿನ ಪಾಪಕುರಾದ ಆ ಮನೆಯಲ್ಲಿ ನಾನು ಕಳೆದ ನಾಲ್ಕು ವರ್ಷಗಳನ್ನು ಒಂದೇ ವಾಕ್ಯದಲ್ಲಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ. ಪರದೆ ಎಳೆದ ಕಿಟಕಿ, ಅದರ ಪಕ್ಕ ಮೇಜು, ಮೇಜಿನ ಮುಂದೆ ಕಂಪ್ಯೂಟರ್ ನೋಡುತ್ತಾ ನಾನು, ನನ್ನ ಬೆನ್ನ ಹಿಂದೆ ಕಾಗದ ತುಂಬಿದ ಡಬ್ಬಗಳು, ಅವುಗಳಾಚೆ ಕಾಲು ಚಾಚಿ ಕೂತ ಮಾವ, ಅವರ ಕುರ್ಚಿಯ ಬೆನ್ನಿಗೆ ಒತ್ತಿಕೊಂಡ ಬಾಗಿಲು. ನೀರು ಕುಡಿಯಲು ಹೋಗಬೇಕೆಂದರೂ ಅವರನ್ನು ಎಬ್ಬಿಸಬೇಕು. ಏಳಲು ಅವರಿಗೆ ಎರಡು ನಿಮಿಷ, ತೊಂದರೆ ಕೊಟ್ಟೆನಲ್ಲ ಎಂದು ಕ್ಷಮೆ ಕೇಳಲು ಇನ್ನೆರಡು. ಕೊನೆಗೆ ನಾನು ಆ ಕೋಣೆಯಲ್ಲಿದ್ದಾಗ ನೀರು ಕುಡಿಯುವುದನ್ನೇ ಬಿಟ್ಟೆ.

ಮಾವ ಎಂದರೆ ನನ್ನ ಗಂಡನ ಅಪ್ಪ, ಇಲ್ಲೇ ಹುಟ್ಟಿ ಬೆಳೆದ ಬಿಳಿಯರು. ನಿಮ್ಮ ಕಡೆ ಗಂಡನ ಅಪ್ಪನನ್ನು ಏನೆಂದು ಕರೆಯುತ್ತಾರೆ ಎಂದು ನಮ್ಮ ಮದುವೆಯ ವಾರ ಕೇಳಿದ್ದರು. ಹೇಳಿದೆ. ಅಂದಿನಿಂದ ನಾನು ಬೇರೆ ಏನೆಂದು ಕರೆದರೂ ಓಗೊಡುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವರಾಗಿದ್ದರೆ ನಾನು ಎಂದೋ ಗಂಟುಮೂಟೆ ಕಟ್ಟಿರುತ್ತಿದ್ದೆ. ಕೆಟ್ಟವರ ಮನೆಯಿಂದ ಹೊರಬೀಳುವುದು ಸುಲಭ.

ಅತ್ತೆ ತೀರಿಕೊಂಡಾಗ ಆರು ತಿಂಗಳ ಮಟ್ಟಿಗೆ ಎಂದು ನಾನು ಮತ್ತು ನನ್ನ ಗಂಡ ಆ ಮನೆಗೆ ಹೋದೆವು. ಮಾವನ ಕಣ್ಣು ಆಗಲೇ ಕೈಕೊಡುತ್ತಿತ್ತು. ಬಾಗಿಲಲ್ಲಿ ಯಾರೋ ನಿಂತಿರುವುದು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಬ್ಬರನ್ನೇ ಬಿಡುವಂತಿರಲಿಲ್ಲ. ಮನುಕಾವ್ ಕಡೆಯ ಒಂದು ರಿಟೈರ್‌ಮೆಂಟ್ ವಿಲೇಜಿನಲ್ಲಿ, ವಯಸ್ಸಾದವರ ವಸತಿಯಲ್ಲಿ, ಅವರ ಹಳೆಯ ಗೆಳೆಯರಿದ್ದರು, ಅಲ್ಲಿಗೆ ಹೋಗಲು ಮಾವನಿಗೂ ಮನಸ್ಸಿತ್ತು. ಆದರೆ ಒಂದು ಕೆಲಸ ಮುಗಿಯದೆ ಹೋಗುವುದಿಲ್ಲ ಎಂದರು. ಅವರ ವಂಶದ ಮೂಲ ಇಂಗ್ಲೆಂಡಿನ ಒಂದು ಹಳ್ಳಿ. ಆ ಹಳ್ಳಿಯ ಚರ್ಚು ದಾಖಲೆ ಬರೆಯಲು ಶುರುಮಾಡಿದ ಮೊದಲ ಪುಸ್ತಕದ ತನಕ ವಂಶವನ್ನು ಹಿಡಿದುಕೊಂಡು ಹೋಗಿ, ಅದನ್ನು ಪುಸ್ತಕ ಮಾಡಿಸುತ್ತೇನೆ ಎಂದು ಅತ್ತೆ ಸಾಯುವ ಮುಂಚೆ ಅವರಿಗೆ ಮಾತು ಕೊಟ್ಟಿದ್ದರಂತೆ. ಈ ಹುಚ್ಚು ಮೊದಲು ಅತ್ತೆಯದು. ಡಬ್ಬಗಳೂ ಅವರವೇ. ವಿಲೇಜಿನ ಪುಟ್ಟ ಮನೆಯಲ್ಲಿ, ಅಂದರೆ ಯೂನಿಟ್‌ನಲ್ಲಿ ಅಷ್ಟು ಡಬ್ಬಗಳಿಗೆ ಜಾಗವಿಲ್ಲ, ಆದ್ದರಿಂದ ಪುಸ್ತಕವಾಗುವ ತನಕ ಮನೆ, ಪುಸ್ತಕವಾದ ಮೇಲೆ ವಿಲೇಜು. ಲೆಕ್ಕ ಅಷ್ಟು ಸರಳವಾಗಿತ್ತು.

ನಾನು ಸಿಕ್ಕಿಬಿದ್ದದ್ದು ನನ್ನ ಬಾಯಿಂದಲೇ. ಧಾರವಾಡದಲ್ಲಿ ನಮ್ಮ ಅಜ್ಜ ಹಳೆಯ ಮೋಡಿ ಲಿಪಿ ಓದುತ್ತಿದ್ದರು. ಹಳೆಯ ಜಮೀನಿನ ಪತ್ರಗಳನ್ನು ಜನ ಅವರ ಹತ್ತಿರ ತರುತ್ತಿದ್ದರು. ಗೊತ್ತಾಗದ ಅಕ್ಷರ ಬಂದರೆ ಊಹೆ ಮಾಡಬಾರದು, ಅದೇ ಕೈಬರಹದಲ್ಲಿ ಗೊತ್ತಿರುವ ಶಬ್ದವೊಂದನ್ನು ಹುಡುಕಿ ಅದರೊಳಗೆ ಆ ಅಕ್ಷರ ಹೇಗಿದೆ ನೋಡಬೇಕು ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಒಂದು ಭಾನುವಾರದ ಊಟದ ಹೊತ್ತಿಗೆ ಇದನ್ನು ಜಂಬದಿಂದ ಹೇಳಿದೆ. ಮಾವ ಫೋರ್ಕ್ ಕೆಳಗಿಟ್ಟರು. ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ, ಚರ್ಚಿನ ರಿಜಿಸ್ಟರಿನ ಒಂದು ಪುಟದ ಚಿತ್ರ ತೆರೆಯಲು ಹೇಳಿದರು. ಜಿರಲೆ ಕಾಲಿನಂಥ ಅಕ್ಷರ. ಅಜ್ಜನ ಉಪಾಯ ಅಲ್ಲೂ ನಡೆಯಿತು. ಅರ್ಧ ಗಂಟೆಯಲ್ಲಿ ಮೂರು ಸಾಲು ಓದಿದೆ. ನನ್ನ ಗಂಡ ಚಪ್ಪಾಳೆ ತಟ್ಟಿದ. ಅವನಿಗೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ.

ಆಮೇಲೆ ನಾನೇ ಮಾವನ ಕಣ್ಣಾದೆ. ಈಸ್ಟ್ ತಮಾಕಿಯ ಒಂದು ಆಹಾರ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ಗಂಡನೂ ಅಲ್ಲೇ ಎಲೆಕ್ಟ್ರಿಶಿಯನ್. ಇಬ್ಬರೂ ಅವನ ಪಿಕಪ್ ಗಾಡಿ ಯೂಟ್‌ನಲ್ಲಿ ಮನೆಗೆ ಬಂದರೆ ಅವನು ಹಿತ್ತಲಿಗೆ ಹೋಗುತ್ತಿದ್ದ, ನಾನು ಮುಂದಿನ ಕೋಣೆಗೆ. ಕೂಸಿಗೆ ಹೆಸರಿಡುವ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು: ಚರ್ಚಿನವರು ಬರೆದಿಟ್ಟದ್ದು ಈ ಮೂರೇ. ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು, ಇನ್ನೊಮ್ಮೆ ಎನ್ನಬೇಕು. ಇಡೀ ವಂಶ ಅವರ ತಲೆಯೊಳಗಿತ್ತು. ನಾನು ಟೈಪ್ ಮಾಡಿದ್ದು ಬರೀ ಪ್ರತಿ. ಶನಿವಾರಗಳು ಹೋದವು. ಆಕ್ಲೆಂಡಿನ ಕನ್ನಡದವರ ಮನೆಗಳಿಗೆ ಹೋಗುವುದು ನಿಂತಿತು. ಇಂಗ್ಲಿಷರ ಸತ್ತವರನ್ನು ಎಣಿಸ್ಕೊಂಡು ಕೂತಿದೀಯಂತೆ ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಚುಡಾಯಿಸಿದಳು. ನಕ್ಕೆ. ಫೋನಿಟ್ಟ ಮೇಲೆ ಸಿಟ್ಟು ಬಂತು, ಅವಳ ಮೇಲಲ್ಲ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ನಮ್ಮದೇ ಒಂದು ಬಾಡಿಗೆ ಮನೆ, ಬೆಳಿಗ್ಗೆ ಬಿಸಿಲು ಬೀಳುವ ಅಡುಗೆಮನೆ, ಸಾಸಿವೆ ಸಿಡಿದರೆ ಹೊಗೆಯ ಅಲಾರಂ ಕೂಗಿ ಯಾರನ್ನೂ ಬೆಚ್ಚಿಬೀಳಿಸದ ಒಗ್ಗರಣೆ. ಆ ಮೊದಲ ಪುಸ್ತಕ ಯಾವಾಗ ಸಿಗುತ್ತದೋ ಅಂದು ನನ್ನ ಬಿಡುಗಡೆ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ. ಹಾಗಾಗಿ ಮಾವನಿಗಿಂತ ಅವಸರ ನನಗಿತ್ತು.

ಎರಡನೇ ವರ್ಷ ಗಂಟು ಬಿದ್ದದ್ದು ಒಬ್ಬ ಬಡಗಿಯ ಹತ್ತಿರ. ಅವನಿಂದ ಈಚೆಗೆ ನನ್ನ ಗಂಡನವರೆಗೂ ಎಲ್ಲ ಸರಿಯಾಗಿ ಕೂತಿತ್ತು. ಆದರೆ ಬಡಗಿಯ ಅಪ್ಪ ಯಾರು? ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಇಬ್ಬರು ಹುಡುಗರಿದ್ದರು. ಒಬ್ಬ ಆ ಹಳ್ಳಿಯ ಹಿಟ್ಟಿನ ಗಿರಣಿಯವನ ಮಗ, ದೀಕ್ಷಾಸ್ನಾನ ನವೆಂಬರಿನಲ್ಲಿ. ಇನ್ನೊಬ್ಬ ನದಿಯಾಚೆಯ ಹಳ್ಳಿಯ ಕೂಲಿಯವನ ಮಗ. ಗಿರಣಿಯವನ ಮನೆತನದ ಹೆಸರು ಮುಂದೆಯೂ ಹಿಂದೆಯೂ ದಂಡಿಯಾಗಿ ಸಿಗುತ್ತಿತ್ತು. ಕೂಲಿಯವನ ಕಡೆ ದಾರಿಯೇ ಇರಲಿಲ್ಲ, ಆ ಚರ್ಚಿನಲ್ಲಿ ಈ ಹುಡುಗನಿಗಿಂತ ಹಿಂದಿನ ಪುಸ್ತಕಗಳೇ ಉಳಿದಿಲ್ಲ. ನನ್ನ ಮನಸ್ಸು ಯಾವ ಕಡೆ ವಾಲಿತ್ತೆಂದು ಹೇಳಬೇಕಾಗಿಲ್ಲ.

ಆ ಸಂಜೆ ಮಣ್ಣು ಮಾಡಿದವರ ಪುಟವನ್ನೂ ನೋಡಿದೆ. ಅಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಹೆಸರಿನ ಕೂಸು, ಗಿರಣಿಯವನ ಮಗ, ಎಂದಿತ್ತು. ಹಾಗಾದರೆ ನವೆಂಬರಿನ ಹುಡುಗನೇ ಸತ್ತನೇ? ಆಮೇಲೆ ಯೋಚಿಸಿದೆ. ಫೆಬ್ರವರಿ ಬರುವುದು ನವೆಂಬರಿಗಿಂತ ಮೊದಲು. ಫೆಬ್ರವರಿಯಲ್ಲಿ ಸತ್ತ ಕೂಸು ನವೆಂಬರಿನಲ್ಲಿ ಹೆಸರಿಡಿಸಿಕೊಂಡದ್ದು ಹೇಗಾದೀತು? ಇದು ಅಣ್ಣನಿರಬೇಕು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅವರಲ್ಲಿತ್ತು ಎಂದು ಮಾವನೇ ಹೇಳಿಕೊಟ್ಟಿದ್ದರು. ಆ ಪುಟದಲ್ಲಿ ಫೆಬ್ರವರಿಯ ಸಾಲುಗಳು ಡಿಸೆಂಬರ್, ಜನವರಿಗಳ ಕೆಳಗೆ ಇದ್ದದ್ದನ್ನೂ ಕಂಡಿದ್ದೆ. ಬರೆದ ಗುಮಾಸ್ತ ಸೋಮಾರಿ, ಬಿಟ್ಟುಹೋದದ್ದನ್ನು ಕೊನೆಗೆ ತುರುಕಿದ್ದಾನೆ ಎಂದುಕೊಂಡೆ. ಈ ಸಾಲನ್ನು ಮಾವನಿಗೆ ಓದಿದರೆ ಇನ್ನೊಂದು ಗಂಟೆ ಚರ್ಚೆ. ಹೊಟ್ಟೆ ಹಸಿದಿತ್ತು, ಬೆನ್ನು ನೋಯುತ್ತಿತ್ತು, ಕುರ್ಚಿ ಬಾಗಿತ್ತು, ಬಾಗಿಲು ಮುಚ್ಚಿತ್ತು.

ಓದಲಿಲ್ಲ. ನವೆಂಬರಿನ ಸಾಲನ್ನಷ್ಟೇ ಓದಿ, ಸಿಕ್ಕಿದ ಮಾವ ಎಂದೆ.

ಅವರು ಎದ್ದು ಕೂತರು. ಇನ್ನೊಮ್ಮೆ ಓದು ಎಂದರು. ಎಷ್ಟು ಸಲ ಓದಿಸಿದರೋ. ಪ್ರತಿ ಸಲವೂ ಅವರ ತುಟಿ ನನ್ನ ಜೊತೆ ಅಲ್ಲಾಡುತ್ತಿತ್ತು. ಆ ಸಂಜೆ ಮೂವರೂ ಫಿಶ್ ಅಂಡ್ ಚಿಪ್ಸ್ ತರಿಸಿ ತಿಂದೆವು.

ಮುಂದಿನ ಎರಡು ವರ್ಷ ಗಿರಣಿಯವನ ಹಿರಿಯರ ಬೆನ್ನು ಹತ್ತಿದೆವು. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರೂ ಸಾಲಾಗಿ ಸಿಕ್ಕರು. ಆ ಸೋಮಾರಿ ಗುಮಾಸ್ತನಂಥವರೇ ಹಿಂದೆಯೂ ಇದ್ದರು, ಫೆಬ್ರವರಿ ಯಾವಾಗಲೂ ಪುಟದ ಕೊನೆಗೇ. ನಾನು ಅವರನ್ನೆಲ್ಲ ಕನ್ನಡದಲ್ಲಿ ಬೈಯುತ್ತಿದ್ದೆ, ಮಾವ ಅರ್ಥವಾಗದೆ ನಗುತ್ತಿದ್ದರು. ಕೊನೆಗೊಂದು ಶನಿವಾರ ಮೊದಲ ಪುಸ್ತಕದ ಮೊದಲ ಪುಟದಲ್ಲೇ ಅವರ ಮನೆತನದ ಹೆಸರು ಸಿಕ್ಕಿತು. ಮಾವ ನನ್ನ ಕೈ ಹಿಡಿದುಕೊಂಡು ಕೂತರು. ಅತ್ತೆಯ ಫೋಟೊ ಕಡೆ ಮುಖ ತಿರುಗಿಸಿದ್ದರು, ಕಾಣದಿದ್ದರೂ. ಅಷ್ಟು ಸಂತೋಷವನ್ನು ನಾನು ಇನ್ನೊಬ್ಬರಿಗೆ ಕೊಟ್ಟದ್ದು ಅದೊಂದೇ ಸಲ ಅನ್ನಿಸುತ್ತದೆ.

ಆಮೇಲೆ ಎಲ್ಲ ಸರಸರ ನಡೆಯಿತು. ಪುಸ್ತಕ ಅಚ್ಚಿಗೆ ಸಿದ್ಧವಾಯಿತು. ವಿಲೇಜಿನಲ್ಲಿ ಯೂನಿಟ್ ಗೊತ್ತಾಯಿತು, ಮೇ ತಿಂಗಳಲ್ಲಿ ಕೀಲಿ ಕೊಡುತ್ತೇವೆ ಎಂದರು. ನಾವು ಒಂದು ಮನೆ ನೋಡಿದೆವು. ಅಡುಗೆಮನೆಯ ಕಿಟಕಿ ಪೂರ್ವಕ್ಕಿತ್ತು. ಬಾಡಿಗೆ ಪತ್ರಕ್ಕೆ ಸಹಿ ಹಾಕಿ ಬಂದ ದಿನ ದಾರಿಯಲ್ಲಿ ಹಾಡು ಗುನುಗುತ್ತಿದ್ದೆ ಎಂದು ಗಂಡ ಆಮೇಲೆ ಹೇಳಿದ.

ಅದಾಗಿ ಎರಡು ವಾರಕ್ಕೆ ಯುಗಾದಿ.

ನಮ್ಮ ಕಡೆ ಅಂದು ಬೇವನ್ನು ಕುಡಿಯುತ್ತಾರೆ. ಪುಟಾಣಿ ಹಿಟ್ಟು, ಬೆಲ್ಲ, ಹುಣಿಸೆ ನೀರು, ದ್ರಾಕ್ಷಿ, ಬೇವಿನ ಹೂ. ಇಲ್ಲಿ ಹೂ ಎಲ್ಲಿಂದ ಬರಬೇಕು, ಅಂಗಡಿಯ ಒಣ ಬೇವಿನ ಪುಡಿಯನ್ನೇ ಚಿಟಿಕೆ ಹಾಕಿದೆ. ಒಂದು ಲೋಟ ಮಾವನಿಗೂ ಕೊಟ್ಟೆ. ಕುಡಿದು ಮುಖ ಕಿವುಚಿ, ಏನಿದು ಎಂದರು. ನಮಗೆ ಇವತ್ತು ಹೊಸ ವರ್ಷ, ನಮ್ಮ ವರ್ಷ ಶುರುವಾಗುವುದು ಈ ಹೊತ್ತಿಗೆ ಎಂದೆ.

ಅವರು ತಲೆಯಾಡಿಸಿದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡದಲ್ಲಿ: “ನಮ್ಮ ಹಿರಿಯರದೂ ಹಾಗೇ ಅಲ್ವಾ. ಆ ಹಳೇ ಪುಸ್ತಕಗಳ ಕಾಲದಲ್ಲಿ ವರ್ಷ ತಿರುಗ್ತಾ ಇದ್ದದ್ದು ಮಾರ್ಚ್ ಇಪ್ಪತ್ತೈದಕ್ಕೆ. ಜನವರಿ, ಫೆಬ್ರವರಿ ಎಲ್ಲ ಹಿಂದಿನ ವರ್ಷದ ಬಾಲ. ನಿನಗೆ ನಾನೇನು ಹೇಳೋದು, ನಾಲ್ಕು ವರ್ಷದಿಂದ ಓದ್ತಿದೀಯ.”

ಹೌದು, ಗೊತ್ತು ಎಂದೆ.

ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟುಕೊಂಡು ಸಿಂಕ್ ಹಿಡಿದು ನಿಂತೆ. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಬೆರಳಿನಲ್ಲಿ ಎಣಿಸಿದೆ, ಎಣಿಸಬೇಕಾದಂಥ ಲೆಕ್ಕವೇನಲ್ಲ. ಹೆಸರಿಟ್ಟ ಮೂರು ತಿಂಗಳಿಗೆ ಆ ಕೂಸು ಸತ್ತಿತ್ತು. ಅದು ಅಣ್ಣನಲ್ಲ, ಅದೇ. ಬಡಗಿಯಾಗಲಿಲ್ಲ, ಮದುವೆಯಾಗಲಿಲ್ಲ, ಮಕ್ಕಳಾಗಲಿಲ್ಲ. ಅದರ ವಂಶದವರು ಎಂದು ನಾನು ಬರೆದಿಟ್ಟವರಲ್ಲಿ ಒಬ್ಬ, ನನ್ನ ಗಂಡ, ಹೊರಗೆ ಯೂಟ್ ತೊಳೆಯುತ್ತಿದ್ದ. ಮಾವ ಇದನ್ನು ನನಗೆ ಮೊದಲೇ ಯಾಕೆ ಹೇಳಿಕೊಡಲಿಲ್ಲ? ಅವರಿಗೆ ಅದು ಹೇಳಿಕೊಡಬೇಕಾದ ವಿಷಯ ಅನ್ನಿಸಿರಲಿಲ್ಲ, ಅಷ್ಟೆ. ಇನ್ನು ನಾನು. ಹುಟ್ಟಿದಾಗಿನಿಂದ ಮಾರ್ಚ್ ಏಪ್ರಿಲಿನಲ್ಲಿ ಹೊಸ ವರ್ಷಕ್ಕೆ ಎಣ್ಣೆಸ್ನಾನ ಮಾಡಿದವಳು. ಇಡೀ ಲೋಕದಲ್ಲಿ ಈ ತಪ್ಪು ಮಾಡಬಾರದಿದ್ದವಳು. ಇಂಗ್ಲಿಷರು ಎಂದರೆ ಜನವರಿ ಎಂದು ಅದು ಹೇಗೆ ನನ್ನ ತಲೆಯಲ್ಲಿ ಕೂತಿತ್ತೋ. ಗುಮಾಸ್ತ ಸೋಮಾರಿಯಾಗಿರಲಿಲ್ಲ. ಅವನು ಸರಿಯಾಗಿಯೇ ಬರೆದಿದ್ದ.

ಮಧ್ಯಾಹ್ನ ಮಾವ ಮಲಗಿದಾಗ ನದಿಯಾಚೆಯ ಚರ್ಚಿನ ಪುಸ್ತಕ ತೆರೆದು ಕೂಲಿಯವನ ಮಗನನ್ನು ಹುಡುಕಿದೆ. ಮುಂದಿನ ಇಪ್ಪತ್ತು ವರ್ಷಗಳ ಪುಟಗಳಲ್ಲಿ ಅವನನ್ನು ಮಣ್ಣು ಮಾಡಿದ್ದು ಎಲ್ಲೂ ಇರಲಿಲ್ಲ. ಬಡಗಿ ಅವನೇ. ಅವನಪ್ಪ ಕೂಲಿ. ಅಪ್ಪನ ಅಪ್ಪ ಯಾರೋ, ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಎರಡು ವರ್ಷದ ಕೆಲಸ ಹೋಗುವುದಷ್ಟೇ ಅಲ್ಲ, ಮೊದಲ ಪುಸ್ತಕವೆಂಬುದೇ ಇಲ್ಲವಾಗುತ್ತದೆ. ಮಾವ ನಂಬುವುದಿಲ್ಲ. ಎಲ್ಲೋ ಏನೋ ಇರಲೇಬೇಕು, ಇನ್ನೊಮ್ಮೆ ಓದು ಎನ್ನುತ್ತಾರೆ. ಯೂನಿಟ್ ಬೇಡವೆನ್ನುತ್ತಾರೆ. ಅತ್ತೆಗೆ ಕೊಟ್ಟ ಮಾತು ಮುಗಿಯುವುದೇ ಇಲ್ಲ, ನಾನು ಆ ಮೇಜಿನಿಂದ ಏಳುವುದೇ ಇಲ್ಲ. ಕಿಟಕಿಯ ಪರದೆ ಸರಿಸಿ, ಗಾಜು ಮೇಲೆತ್ತಿ, ರೈಲು ಹೋಗುವುದನ್ನು ನೋಡುತ್ತಾ ನಿಂತೆ.

ಹಬ್ಬದ ನೆಪಕ್ಕೆ ಸಂಜೆ ಅವ್ವನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವಳಿಗೆ ಗಿರಣಿ, ಬಡಗಿ ಯಾವುದೂ ಬೇಕಿರಲಿಲ್ಲ.

“ಹೇಳಿದ್ರ ಏನಾಗ್ತದ?” ಎಂದಳು.

“ಮತ್ತ ಮೊದಲಿನಿಂದ ಶುರು ಆಗ್ತದ.”

“ಹೇಳ್ಲಿಲ್ಲಂದ್ರ?”

“ಮುಗೀತದ.”

“ಹಂಗಿದ್ರ ನನ್ನ ಯಾಕ ಕೇಳಾಕತ್ತಿ? ನೀ ಆಗ್ಲೇ ಠರಾಯಿಸೀದಿ,” ಎಂದು ಹೇಳಿ, ಹೋಳಿಗೆ ಮಾಡಿದಿಯಾ ಇಲ್ಲವಾ ಎಂದು ಕೇಳಿದಳು.

ಗಂಡನಿಗೆ ಹೇಳೋಣ ಎಂದುಕೊಂಡೆ. ಅವನಿಗೆ ವಂಶದ ಹುಚ್ಚೇ ಇರಲಿಲ್ಲ, ನಕ್ಕು ಬಿಟ್ಟುಬಿಡುತ್ತಾನೆ ಎಂಬ ಧೈರ್ಯವಿತ್ತು. ಆ ವಾರ ಕಾರ್ಖಾನೆಯಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಪದ್ಧತಿಯಂತೆ ಪರಿಚಯ ಹೇಳಿಕೊಳ್ಳುವುದನ್ನು ಕಲಿಸುತ್ತಿದ್ದರು. ನನ್ನ ಬೆಟ್ಟ ಇದು, ನನ್ನ ನದಿ ಇದು, ನನ್ನ ಹಿರಿಯರು ಇಂಥ ಕಡೆಯವರು ಎಂದು ಒಬ್ಬೊಬ್ಬರೇ ಎದ್ದುನಿಂತು ಹೇಳಬೇಕು. ಹಿಂದೆಲ್ಲ ನನ್ನ ಗಂಡ ಪಾಪಕುರಾ ಎಂದು ಹೇಳಿ ಕೂತುಬಿಡುತ್ತಿದ್ದನಂತೆ. ಅಂದು ಎದ್ದು ಆ ನದಿಯ ಹೆಸರು ಹೇಳಿದ, ಹಳ್ಳಿಯ ಹೆಸರು ಹೇಳಿದ, ನಾವು ಗಿರಣಿಯವರು ಎಂದ. ಕೂತ ಮೇಲೆ ನನ್ನ ಕಡೆ ನೋಡಿದ, ಕಿವಿ ಕೆಂಪಾಗಿತ್ತು. ಅಷ್ಟು ದೊಡ್ಡ ಆಳು ಶಾಲೆಯ ಹುಡುಗನಂತೆ ಹಿಗ್ಗಿದ್ದ. ನದಿ ಸರಿಯಾಗಿತ್ತು, ದಂಡೆ ತಪ್ಪಿತ್ತು. ಅವನಿಗೂ ಹೇಳಲಿಲ್ಲ.

ಮೇ ತಿಂಗಳು ಬಂತು. ಪುಸ್ತಕ ಬಂತು, ನೀಲಿ ರಟ್ಟು, ಮೇಲೆ ಚರ್ಚಿನ ಚಿತ್ರ. ವಿಲೇಜಿನ ದೊಡ್ಡ ಕೋಣೆಯಲ್ಲಿ ಚಹಾ, ಸ್ಕೋನ್ ಇಟ್ಟು ಮಾವ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರು. ಇದೆಲ್ಲ ನನ್ನ ಸೊಸೆಯ ಕೆಲಸ, ಆ ಅಕ್ಷರ ಓದಬಲ್ಲವರು ಇಂಗ್ಲೆಂಡಿನಲ್ಲೇ ಕಡಿಮೆ ಎಂದರು. ಮುದುಕ ಮುದುಕಿಯರು ಬಂದು ನನ್ನ ಕೈ ಕುಲುಕಿದರು. ನನಗೆ ಅಳು ಬಂತು, ಎಲ್ಲರೂ ಅದನ್ನು ಬೇರೆ ರೀತಿ ತಿಳಿದುಕೊಂಡರು.

ನಮ್ಮ ಮನೆಗೆ ಹೋದೆವು. ಬೆಳಿಗ್ಗೆ ಬಿಸಿಲು ಬೀಳುತ್ತದೆ. ಸಾಸಿವೆ ಸಿಡಿಸುತ್ತೇನೆ, ಯಾವ ಅಲಾರಂ ಕೂಗುವುದಿಲ್ಲ. ಬಯಸಿದ್ದೆಲ್ಲ ಸಿಕ್ಕಿದೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಮಾವನಿಗೆ ಈಗ ಬಾಗಿಲಲ್ಲಿ ಯಾರೋ ನಿಂತಿರುವುದೂ ಕಾಣುವುದಿಲ್ಲ. ಪ್ರತಿ ಭಾನುವಾರ ಊಟ ತೆಗೆದುಕೊಂಡು ಹೋಗುತ್ತೇವೆ. ಊಟವಾದ ಮೇಲೆ ಗಂಡ ಅಲ್ಲಿಯ ನಲ್ಲಿ, ದೀಪ, ರೇಡಿಯೊ ರಿಪೇರಿ ಮಾಡಲು ಓಡಾಡುತ್ತಾನೆ, ಮಾವ ಪುಸ್ತಕವನ್ನು ನನ್ನ ಮಡಿಲಲ್ಲಿ ಇಡುತ್ತಾರೆ. ಈಗ ಅದು ಅಚ್ಚಿನ ಅಕ್ಷರ, ಯಾರು ಬೇಕಾದರೂ ಓದಬಹುದು. ಅವರಿಗೆ ನಾನೇ ಓದಬೇಕು.

ಹೇಳಿಬಿಡಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡಿದ್ದೇನೆ. ನನಗೀಗ ಮನೆಯಿದೆ, ಅವರಿಗೆ ಯೂನಿಟ್ ಇದೆ, ಕಳೆದುಕೊಳ್ಳುವುದೇನು? ಹೋದ ತಿಂಗಳು ನಿಜವಾಗಿಯೂ ನಿರ್ಧರಿಸಿಯೇ ಹೋಗಿದ್ದೆ. ಕಾರಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಮಾವ, ನಾನೊಂದು ತಪ್ಪು ಮಾಡಿದ್ದೇನೆ, ಅಲ್ಲಿಂದ ಶುರು. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ. ಅವರೇ ಮೊದಲು ಮಾತಾಡಿದರು.

“ನಾನು ಹೋದಾಗ ಪಾದ್ರಿ ಏನಾದರೂ ಹೇಳಿಕೊಳ್ಳಲಿ. ಆಮೇಲೆ ನೀನು ಎದ್ದು ಒಂದೇ ಒಂದು ಪುಟ ಓದಬೇಕು. ಗಿರಣಿಯವನ ಮಗನ ಪುಟ. ಅವನಿಂದ ನನ್ನ ತನಕ. ಇನ್ಯಾರ ಬಾಯಲ್ಲೂ ಅದು ಸರಿಹೋಗಲ್ಲ. ಓದ್ತೀಯಾ?”

ಓದ್ತೀನಿ ಮಾವ ಎಂದೆ.

ಹಾಗಾದರೆ ಈಗೊಮ್ಮೆ ಓದು, ಕೇಳಿಸಿಕೊಳ್ಳುತ್ತೇನೆ ಎಂದು ಕಣ್ಣು ಮುಚ್ಚಿದರು. ಪುಟ ತೆರೆದೆ. ಹುಡುಗನ ಹೆಸರು ಓದಿದೆ, ಅಪ್ಪನ ಹೆಸರು, ಅವ್ವನ ಹೆಸರು, ನವೆಂಬರ್ ತಿಂಗಳು. ಅವರ ತುಟಿ ನನ್ನ ಜೊತೆ ಅಲ್ಲಾಡುತ್ತಿತ್ತು. ಮುಂದಿನ ಸಾಲು ಅವನ ಮದುವೆ. ಬೆರಳನ್ನು ಆ ಸಾಲಿನ ಮೇಲೆ ಇಟ್ಟು ತಡೆದೆ. ಮೂರು ತಿಂಗಳ ಕೂಸು, ಚಳಿಗಾಲದ ನೆಲ, ಯಾರೋ ಅಗೆದಿರಬೇಕು. ಅದರ ಅವ್ವ ಮನೆಯಲ್ಲಿ ಹಾಲು ತುಂಬಿದ ಎದೆ ಹಿಡಿದುಕೊಂಡು ಕೂತಿರಬೇಕು. ಅವಳ ದುಃಖವನ್ನು ಗುಮಾಸ್ತ ಒಂದು ಸಾಲಿನಲ್ಲಾದರೂ ಬರೆದಿಟ್ಟಿದ್ದ. ಅದನ್ನೂ ನಾನು ಅಳಿಸಿದ್ದೆ.

“ಯಾಕೆ ನಿಲ್ಲಿಸಿದೆ?” ಎಂದರು ಮಾವ.

“ಪುಟ ತಿರುಗಿಸ್ತಾ ಇದೀನಿ,” ಎಂದೆ.

ತಿರುಗಿಸುವ ಪುಟ ಇರಲಿಲ್ಲ. ಮದುವೆಯ ಸಾಲು ಅದೇ ಪುಟದಲ್ಲಿತ್ತು, ಓದಿದೆ.